ಜಗಳಕ್ಕೊಂದು ಇನಾಮು

ನಮ್ಮ ಕಾಕು ಜಗಳಕ್ಕೆ ದುಡ್ಡು ಕೊಡುತ್ತಾಳೆ. ಬಿಡಿಸುವುದಕ್ಕಲ್ಲ, ಆಡುವುದಕ್ಕೆ! ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ಗಾದೆ ಕಟ್ಟಿದ ಪುಣ್ಯಾತ್ಮರು ನಮ್ಮ ಕಲಬುರಗಿಯ ಗಾಜಿಪುರದ ಕಡೆ ಬಂದವರೇ ಅಲ್ಲ. ಬಂದಿದ್ದರೆ, ಇಬ್ಬರು ಬೀದಿಯಲ್ಲಿ ನಿಂತು ಕಚ್ಚಾಡುವಾಗ ಮೂರನೆಯವಳೊಬ್ಬಳು ಕೈಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, ಕೀರ್ತನೆ ಕೇಳುವವರಂತೆ ತಲೆದೂಗುತ್ತ ನಿಂತಿರುವುದನ್ನು ನೋಡಿ ಗಾದೆಯನ್ನೇ ತಿದ್ದುತ್ತಿದ್ದರು.

ಕಾಕುವಿನ ಗಂಡ, ಅಂದರೆ ನಮ್ಮಪ್ಪನ ತಮ್ಮ ಕಾಕಾ, ಗಂಜ್ ಪೇಟೆಯಲ್ಲಿ ತೊಗರಿ ವ್ಯಾಪಾರ ಮಾಡಿದವರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರಲ್ಲ, ಇವರದು ಉಂಡ ಮೇಲೆಯೇ ಶುರುವಾಗುತ್ತಿತ್ತು! ಮಕ್ಕಳಿಲ್ಲದ ಮನೆ, ಆದರೂ ಆ ಮನೆಯಲ್ಲಿ ಸದ್ದಿಗೆ ಎಂದೂ ಬರವಿರಲಿಲ್ಲ. ಕಾಕಾ ತೀರಿಕೊಂಡು ವರ್ಷ ತುಂಬಿದ ದಿನ ಬಳಗವೆಲ್ಲ ಊಟಕ್ಕೆ ಕುಳಿತಿತ್ತು. ಕಾಕು ಹೋಳಿಗೆ ಬಡಿಸುತ್ತ ಬಡಿಸುತ್ತಲೇ, ಶರಣಸಿರಸಗಿಯ ಪ್ಲಾಟು ಮಾರಿದ್ದಾಯಿತೆಂದೂ, ಅದರ ಬಡ್ಡಿಯಲ್ಲಿ ಊರ ಮಂದಿಯ ಸಣ್ಣಪುಟ್ಟ ಕೆಲಸಗಳಿಗೆ ಇನಾಮು ಕೊಡುತ್ತೇನೆಂದೂ ಸಾರಿಬಿಟ್ಟಳು. ನಮ್ಮಪ್ಪನ ಕೈಯಲ್ಲಿದ್ದ ಹೋಳಿಗೆ ತುಪ್ಪದ ಬಟ್ಟಲಿಗೆ ಬಿತ್ತು.

ಅಪ್ಪ ಸಾವರಿಸಿಕೊಂಡು, "ಆಗ್ಲಿ ತಂಗಿ, ಗುಡಿಗಿ ಕೊಡು. ತಮ್ಮನ ಹೆಸರು ಕಲ್ಲಾಗ ಕೆತ್ತಸ್ತಾರ" ಅಂದ.

"ಕಲ್ಲಾಗ ಯಾಕ್ರಿ ಭಾವಾ? ಅವರೇನು ಓದ್ಲಾಕ ಬರ್ತಾರೇನು?"

"ಮತ್ತ ಯಾರಿಗಿ ಕೊಡ್ತಿ?"

"ಜಗಳ ಮಾಡೋರಿಗಿ."

ಪಂಕ್ತಿಗೆ ಪಂಕ್ತಿಯೇ ಬಾಯಿ ತೆರೆದು ಕೂತಿತು. ದುಃಖಕ್ಕೆ ತಲೆ ಕೆಟ್ಟಿರಬೇಕು ಎಂದು ನಮ್ಮವ್ವ ನನ್ನ ಕಿವಿಯಲ್ಲಿ ಹೇಳಿದಳು. ಆದರೆ ಕಾಕುವಿನ ತಲೆ ನಮ್ಮೆಲ್ಲರ ತಲೆಗಿಂತ ನೆಟ್ಟಗಿತ್ತು. "ಯಾವುದಕ್ಕ ಮಂದಿ ಜಗಳ ಮಾಡ್ತಾರ, ಅದು ಮಂದಿಗಿ ಖರೇ ಬೇಕಾಗ್ಯದ. ಎಲ್ಲಾರೂ 'ಆಗ್ಲಿ ಬಿಡ್ರಿ' ಅಂತ ತಲಿ ಅಲ್ಲಾಡಿಸಿ ಕಟ್ಟಿಸಿದ್ದು ಏನದ, ಅದರಾಗ ಆಡು ಮಲಗ್ತಾವ" ಎಂಬುದು ಅವಳ ಸಿದ್ಧಾಂತ. ನಿಯಮ ಒಂದೇ: ಜಗಳಾಡಿದ ಇಬ್ಬರೂ ಕೂಡಿಯೇ ಹಣ ತೆಗೆದುಕೊಳ್ಳಬೇಕು, ಕೂಡಿಯೇ ಕೆಲಸ ಮಾಡಿಸಬೇಕು. ಎಲ್ಲಾದರೂ ಉಂಟೇ!

ಮೊದಲ ಇನಾಮು ನಮ್ಮ ಓಣಿಗೇ ಬಂತು. ಮೋರಿಯ ನೀರು ಯಾರ ಬಾಗಿಲ ಮುಂದೆ ನಿಲ್ಲಬೇಕು ಎಂಬ ಘನವಾದ ವಿಷಯದಲ್ಲಿ ಒಬ್ಬ ನಿವೃತ್ತ ಮಾಸ್ತರರಿಗೂ ಎದುರುಮನೆಯ ದರ್ಜಿಗೂ ಎಷ್ಟೋ ವರ್ಷದಿಂದ ಮಾತಿರಲಿಲ್ಲ. ಬೈಗುಳ ಮಾತ್ರ ಇತ್ತು. ಕಾಕು ಕರಿಬೇವು ತರಲು ಹೋದವಳು ಅಲ್ಲೇ ನಿಂತು ಪೂರ್ತಿ ಕೇಳಿದಳು. ಮರುದಿನ ಮೋರಿ ಸರಿಯಾಗಿ ಕಟ್ಟಿಸಲು ಹಣ ಕೊಟ್ಟಳು. ಸಿಮೆಂಟು ತರಲು ಇಬ್ಬರೂ ಕೂಡಿಯೇ ಹೋಗಬೇಕಲ್ಲ? ದರ್ಜಿಯ ಸ್ಕೂಟರಿನ ಹಿಂದೆ ಮಾಸ್ತರರು ಕುಳಿತು, ರಸ್ತೆಯ ಹಂಪು ಬಂದಾಗ ದರ್ಜಿಯ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡ ದೃಶ್ಯವನ್ನು ನೋಡಲು ಓಣಿಯ ಹೆಂಗಸರೆಲ್ಲ ಒಲೆಯ ಮೇಲಿನ ಹಾಲು ಬಿಟ್ಟು ಹೊರಗೆ ಬಂದರು. ಅಂದು ಓಣಿಯ ಯಾವ ಮನೆಯಲ್ಲೂ ಚಹಾಕ್ಕೆ ಹಾಲಿರಲಿಲ್ಲ.

ಸುದ್ದಿ ಹಬ್ಬಿತು. ಹಬ್ಬಿದರೆ ಏನಾಗುತ್ತದೆ? ಒಂದು ಸಂಜೆ ಹುಡುಗರ ಸಂಘದ ಇಬ್ಬರು ಮನೆಗೇ ಬಂದು, ವಾಲಿಬಾಲ್ ಬಲೆ ಎಲ್ಲಿ ಕಟ್ಟಬೇಕೆಂದು ಕಾಕುವಿನ ಮುಂದೆ ಭಯಂಕರವಾಗಿ ಜಗಳಾಡತೊಡಗಿದರು. ಒಬ್ಬ ತೊಡೆ ತಟ್ಟಿದ. ಇನ್ನೊಬ್ಬ ಅಂಗಿಯ ಗುಂಡಿಯನ್ನೇ ಕಿತ್ತುಕೊಂಡ! ಹೊಡೆದಾಟವೇ ಆದೀತೆಂದು ನಾನು ಗಾಬರಿಯಿಂದ ಎದ್ದು ನಿಂತೆ. ಕಾಕು ಶಾಂತವಾಗಿ ಚಹಾ ತಂದಿಟ್ಟಳು. ಅವರು ಕುಡಿದು ಮುಗಿಸುವ ತನಕ ಕಾದಳು.

"ಹೋಗ್ರಿನ್ನ. ಇನಾಮು ಸಿಗಂಗಿಲ್ಲ."

"ಯಾಕ್ರಿ ಅಮ್ಮಾ?"

"ಖರೇ ಜಗಳದಾಗ ಯಾರಿಗೂ ಚಾ ಗಂಟಲದಾಗ ಇಳಿಯಂಗಿಲ್ಲ. ನೀವು ಬಿಸ್ಕೀಟ್ ಅದ್ದಿ ಅದ್ದಿ ತಿಂದ್ರಿ!"

ಹುಡುಗರು ತಲೆ ತಗ್ಗಿಸಿ ಹೊರಟರು. ಗೇಟು ದಾಟಿರಲಿಲ್ಲ, ಹೊರಗೆ ರಂಪ ಶುರುವಾಯಿತು. "ಬಿಸ್ಕೀಟ್ ಅದ್ದಿದವ ನೀನೇ!" "ತಾಟು ಖಾಲಿ ಮಾಡಿದವ ಯಾರಲೇ?" ಕಾಕು ಚಪ್ಪಲಿ ಕೂಡ ಮೆಟ್ಟದೆ ಓಡಿ ಹೋಗಿ, "ಈಗ ಬರ್ರಿ ಒಳಗ!" ಎಂದು ಕರೆತಂದು ಹಣ ಕೊಟ್ಟುಬಿಟ್ಟಳು. ನಾನು ಮತ್ತೆ ಕುರ್ಚಿಯಲ್ಲಿ ಕುಸಿದೆ.

ಇಷ್ಟಾದರೂ ಇವೆಲ್ಲ ನಗು ತರುವ ಗಾಬರಿಗಳು. ನಗು ಬಾರದ ಗಾಬರಿ ನನಗೆ ಕಾದಿದ್ದು ಕಮಲಾಪುರದಲ್ಲಿ. ಕೆಂಪು ಬಾಳೆಹಣ್ಣು ತರಲೆಂದು ಸಂತೆಯ ದಿನ ಕಾಕುವಿನ ಜೊತೆ ಹೋಗಿದ್ದೆ. ಬಾಳೆಹಣ್ಣಿನವಳಿಗೂ ಪಕ್ಕದ ಸೊಪ್ಪಿನವಳಿಗೂ ಆಕಾಶ ಭೂಮಿ ಒಂದಾಗುವ ಹಾಗೆ ಜಗಳ ನಡೆದಿತ್ತು. ಕಾಕುವಿನ ಮುಖ ಅರಳಿತು. ವಿಷಯ ಇಷ್ಟೇ: ಸಂತೆಯಲ್ಲಿ ಕೂಡುವ ಹೆಂಗಸರಿಗೆ ಒಂದು ಪಾಯಖಾನೆ ಇಲ್ಲ. ಊರಿನ ಹಿರಿಯರು ಹೇಗೋ ಒಂದು ತುಂಡು ಜಾಗ ಬಿಟ್ಟುಕೊಟ್ಟಿದ್ದಾರೆ. ಆದರೆ ಕಟ್ಟುವುದು ಬೇವಿನ ಮರದ ಕಡೆಗೋ, ಗೋಡೆಯ ಕಡೆಗೋ? ಮರದ ಕಡೆ ಬಾಳೆಹಣ್ಣಿನವಳ ಅಂಗಡಿ, ಗೋಡೆಯ ಕಡೆ ಸೊಪ್ಪಿನವಳದು; ತನ್ನ ಅಂಗಡಿಯ ಮಗ್ಗುಲಲ್ಲಿ ಬೇಡ ಎಂದು ಇಬ್ಬರದೂ ಹಟ.

ಕೂಗಿ ಕೂಗಿ ಇಬ್ಬರ ಗಂಟಲೂ ಒಣಗಿತ್ತು. ಬಿಸಿಲೆಂದರೆ ನಮ್ಮ ಕಡೆಯ ಬಿಸಿಲು, ಕೇಳಬೇಕೆ! ಕಾಕು ಚೀಲದಿಂದ ನೀರಿನ ಬಾಟಲಿ ತೆಗೆದು ಚಾಚಿದಳು. ಇಬ್ಬರೂ ಹಿಂದೆ ಸರಿದರು.

"ಬ್ಯಾಡ್ರಿ, ಸಂತಿ ದಿನ ನಾವು ನೀರು ಕುಡಿಯಂಗಿಲ್ಲ" ಎಂದಳು ಬಾಳೆಹಣ್ಣಿನವಳು.

"ಉಪಾಸೇನು?" ಎಂದು ಕೇಳಿದೆ, ನಾನು ಮಹಾ ಜಾಣ.

ಅವಳು ನನ್ನನ್ನು ನೋಡಲಿಲ್ಲ. ಕಾಕುವಿಗೆ ಹೇಳಿದಳು. "ಕುಡದ್ರ ಎಲ್ಲಿಗಿ ಹೋಗ್ಬೇಕ್ರೀ ಅಮ್ಮಾ? ನಸುಕಿನ್ಯಾಗ ಒಂದು ಗುಟುಕು ಕುಡದು ಬರ್ತೀವಿ. ಮತ್ತ ಹೊತ್ತು ಮುಣಗಿದ ಮ್ಯಾಲೇ. ಈಕಿಗಿ ಉರಿಮೂತ್ರ ಆಗಿ ದವಾಖಾನಿಗಿ ಹಾಕಿದ್ರು."

ನಡು ಹಗಲಲ್ಲಿ, ಅಷ್ಟು ಜನರ ನಡುವೆ, ಸಾಲಾಗಿ ಕುಳಿತ ಹೆಂಗಸರೆಲ್ಲ ಬೇಕೆಂದೇ ಬಾಯಾರಿ ಕುಳಿತಿದ್ದರು! ಕಾಕು ಅಂದೇ ಇಬ್ಬರ ಕೈಗೂ ಕೂಡಿಸಿ ಹಣ ಕೊಟ್ಟಳು.

ಕೊಟ್ಟಳು, ಆದರೆ ಕಟ್ಟಬೇಕಲ್ಲ? ಎಷ್ಟೋ ಸಂತೆಗಳು ಕಳೆದರೂ ಮರವೋ ಗೋಡೆಯೋ ಬಗೆಹರಿಯಲಿಲ್ಲ. ಕಾಕುವಿಗೆ ರಾತ್ರಿ ನಿದ್ದೆ ಹತ್ತದಾಯಿತು. ಕೊನೆಗೆ ತನ್ನ ನಿಯಮ ತಾನೇ ಮುರಿದು, ನನ್ನನ್ನು ಎಳೆದುಕೊಂಡು ಹೋಗಿ, "ನಡುವ ಕಟ್ರಿ, ನಾ ಹೇಳ್ತೀನಿ" ಎಂದು ತೀರ್ಪು ಕೊಟ್ಟಳು. ಅಷ್ಟೇ! ಇಬ್ಬರೂ ಒಟ್ಟಿಗೆ ಅವಳ ಮೇಲೆ ಎರಗಿದರು.

"ನಡುವ ಅಂದ್ರ ಗಿರಾಕಿ ಹಾಯೋ ಹಾದಿ ಅದ! ನೀವ್ಯಾರ್ರೀ ಹೇಳ್ಲಾಕ? ರೊಕ್ಕಾ ಕೊಟ್ರ ಮಾಲಕರಾದ್ರೇನು?"

"ಹೌದು, ಕೇಳಕ್ಕಾ! ಇಲ್ಲಿ ಕೂಡೋರು ನಾವಾ, ಅವರಾ?" ಎಂದು ಸೊಪ್ಪಿನವಳು ಬಾಳೆಹಣ್ಣಿನವಳಿಗೆ ದನಿಗೂಡಿಸಿದಳು.

ನಾನು ಹೌಹಾರಿ ಕಾಕುವಿನ ಕೈ ಹಿಡಿದು ಬಸ್ ನಿಲ್ದಾಣಕ್ಕೆ ನಡೆಸಿಕೊಂಡು ಬಂದೆ. ಎಂಥ ಅವಮಾನ! ಸಮಾಧಾನದ ಮಾತು ಹುಡುಕುತ್ತ ಮುಖ ನೋಡಿದರೆ, ಕಾಕು ನಗುತ್ತಿದ್ದಾಳೆ. "ಕೂಡಿದ್ರು ನೋಡೊ! ಅಕ್ಕಾ ಅಂದಳು, ಕೇಳಿದೇನು?" ಎಂದು ಕಲಬುರಗಿ ಮುಟ್ಟುವ ತನಕ ನನ್ನ ಪಕ್ಕೆ ತಿವಿದಳು.

ಅವರು ಗೋಡೆಯ ಕಡೆಗೇ ಕಟ್ಟಿಸಿದ್ದಾರೆಂದು ಹಣ್ಣು ತರುವವನೊಬ್ಬ ಹೇಳಿದ. ಉದ್ಘಾಟನೆಗೆ ನಮ್ಮನ್ನು ಕರೆಯಲಿಲ್ಲ. ಉದ್ಘಾಟನೆ ಅಂತ ಇತ್ತೋ ಇಲ್ಲವೋ! ಹೋದ ತಿಂಗಳು ಕಾಕು, "ನಡಿ, ಹಣ್ಣು ತರೋಣು" ಅಂದಳು. ಬಸ್ಸಿನಲ್ಲಿ ನಾನು ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ: "ಕಾಕು, ಊರಾಗ ಇಷ್ಟು ಒಳ್ಳೆ ಮಂದಿ ಇದ್ದಾಗ ಜಗಳಗಂಟರೇ ಯಾಕ ಬೇಕು ನಿನಗ?"

ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ನಿಮ್ಮ ಕಾಕಾ ದವಾಖಾನ್ಯಾಗ ಇದ್ರಲ್ಲ, ನಾ ಬೇಕಂತೇ ಕೆದಕಿದೆ. ಗಂಜ್ಯಾಗ ಉಪ್ಪು ಹಾಕೀನಿ, ನಿಮಗ ನಾಲಿಗೀನೇ ಇಲ್ಲ ಅಂದೆ. 'ಹೌದು, ನೀ ಅಂದಿದ್ದೇ ಖರೆ' ಅಂದ್ರು. ಲಗ್ನ ಆದಾಗಿಂದ ಒಮ್ಮಿನೂ ಹಂಗ ಅಂದಿದ್ದಿಲ್ಲ ತಮ್ಮಾ. ಡಾಕ್ಟರ್ ಹೇಳೋಕಿಂತ ಮೊದಲೇ ನನಗ ತಿಳೀತು." ನನ್ನ ಕಡೆ ತಿರುಗಿ ಅಂದಳು, "ಜಗಳ ಮಾಡ್ಲಾಕತ್ತಾರ ಅಂದ್ರ ಅವರಿಗಿ ಇನ್ನಾ ಬೇಕಾಗ್ಯದ ಅಂತ."

ಕಮಲಾಪುರ ಬಂದಾಗ ಅವಳ ಕೈಚೀಲವನ್ನು ನಾನೇ ಹೊತ್ತುಕೊಂಡು ಇಳಿದೆ.

ಸಂತೆಯಲ್ಲಿ ಗೋಡೆಯ ಪಕ್ಕ ತಗಡು ಹೊದಿಸಿದ ಎರಡು ಕೋಣೆ, ಮೇಲೊಂದು ಕರಿ ನೀರಿನ ಟಾಕಿ. ಯಾರ ಹೆಸರೂ ಇಲ್ಲ. ಕೀಲಿ ಇಂದು ಯಾರ ಹತ್ತಿರ ಇರಬೇಕೆಂದು ಅವರಿಬ್ಬರ ಜಗಳ ಜೋರಾಗಿ ನಡೆದಿತ್ತು. ನಡುವೆ ಬಾಳೆಹಣ್ಣಿನವಳು "ತಡೀ" ಎಂದು ಕೈ ತೋರಿಸಿ, ಪಕ್ಕದ ಕೊಡದಿಂದ ಒಂದು ತಂಬಿಗೆ ನೀರು ಎತ್ತಿ ತಲೆ ಹಿಂದಕ್ಕೆ ಬಾಗಿಸಿ ಕುಡಿದಳು. ಇನ್ನೊಂದು ತುಂಬಿ ಸೊಪ್ಪಿನವಳಿಗೆ ಕೊಟ್ಟಳು. ಅವಳೂ ಕುಡಿದಳು. ಬಾಯಿ ಒರೆಸಿಕೊಂಡು ಇಬ್ಬರೂ ಮತ್ತೆ ಜಗಳಕ್ಕೆ ಇಳಿದರು.

"ನೋಡೊ, ಹ್ಯಾಂಗ ಗಟಗಟ ಕುಡೀಲಾಕತ್ತಾರ" ಎಂದಳು ಕಾಕು. ಸೆರಗು ಕಣ್ಣಿಗೆ ಹೋಯಿತು. "ನಿಮ್ಮ ಕಾಕಾ ಇದ್ದಿದ್ರ, ಟಾಕಿ ಸಣ್ಣದಾಯ್ತು ಅಂತ ನನ್ನ ಜೀವಾ ತಿಂತಿದ್ರು."

ನಾನು ಇದ್ದಷ್ಟು ದನಿ ಎತ್ತಿದೆ. "ಕಾಕಾ ಯಾಕ ಬೇಕು, ನಾನೇ ಅಂತೀನಿ. ಸಣ್ಣದಾಗ್ಯದ! ನಿನಗ ಏನೂ ತಿಳಿಯಂಗಿಲ್ಲ ಕಾಕು!"

ಕಾಕು ಗಕ್ಕನೆ ತಿರುಗಿದಳು. ಒದ್ದೆ ಕಣ್ಣಲ್ಲೇ ಸೊಂಟಕ್ಕೆ ಕೈಯಿಟ್ಟು, ಸಂತೆಗೆಲ್ಲ ಕೇಳುವ ಹಾಗೆ, "ಏನಂದಿ? ಇನ್ನೊಮ್ಮಿ ಅನ್ನು!" ಎಂದಳು.

ನಾನು ಇನ್ನೊಮ್ಮೆ ಅಂದೆ.