ಡಿಪೋ ಕೆರೆಯವರ ಪದವಿ ವ್ಯಾಸಂಗ

ಪರಿಸರ ವಿಜ್ಞಾನ ಓದಿದವರ ಮಾಸಿಕ ಆದಾಯ ಇಪ್ಪತ್ತೆರಡೂವರೆ ಪ್ಯಾಂಟು ಎಂಬುದು ಸೂಕ್ತ ವಿಚಾರಣೆಯಿಂದ ದೃಢಪಟ್ಟಿದೆ.

ವಿಚಾರಣೆ ನಡೆಸಿದವನು ಬಸ್ ಡಿಪೋ ಎದುರಿನ ಟೇಲರಣ್ಣ. ಅವನ ಮಗಳು ಹನ್ನೆರಡನೇ ತರಗತಿ ಮುಗಿಸಿ, ಸೇರಿದರೆ ಪರಿಸರ ವಿಜ್ಞಾನಕ್ಕೇ ಸೇರುವುದು ಎಂದು ಕೂತಿದ್ದಳು. ಟೇಲರಣ್ಣ ದುಡುಕುವ ಮನುಷ್ಯನಲ್ಲ. ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ನಿಂತರೆ, ಉಸಿರು ಬಿಡುವವರೆಗೂ ಕಾದು ಸೊಂಟದ ಅಳತೆ ತೆಗೆಯುವವನು. ಹಾಗಾಗಿ ಆ ವಿಷಯ ಓದಿದ ಊರಿನವರೆಲ್ಲರನ್ನೂ ಮಾತಾಡಿಸಿದ. ಅಂಥವರು ಒಬ್ಬರೇ ಇದ್ದುದರಿಂದ ಕೆಲಸ ಬೇಗ ಮುಗಿಯಿತು. ಆತ ತಾನಾಗಿಯೇ ಅಂಗಡಿಗೆ ಬಂದಿದ್ದ. ಪ್ಯಾಂಟು ಹೊಲಿಸಲಿಕ್ಕಲ್ಲ, ಮೊಣಕಾಲಿಗೆ ತೇಪೆ ಹಾಕಿಸಲಿಕ್ಕೆ. ತಿಂಗಳಿಗೆ ಹದಿಮೂರೂವರೆ ಸಾವಿರ ಎಂದ. ಪ್ಯಾಂಟೊಂದಕ್ಕೆ ಆರುನೂರು ಹೊಲಿಗೆಯಂತೆ ಅದನ್ನು ಟೇಲರಣ್ಣನೇ ಭಾಗಿಸಿಕೊಂಡ.

ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ಮಗಳ ಮುಂದಿಟ್ಟ.

"ಮೂರು ವರ್ಷದ ಫೀಸು ಏಳ್ನೂರು ಪ್ಯಾಂಟು. ಕೆಲಸ ಸಿಕ್ಕಿದ ಮೇಲೆ ನಿನ್ನ ಊಟ, ಬಾಡಿಗೆ, ಬಸ್ಸು ಅಂತ ತಿಂಗಳಿಗೆ ಇಪ್ಪತ್ತು ಪ್ಯಾಂಟು ಹೋಯ್ತು. ಉಳಿಯೋದು ಎರಡೂವರೆ. ಸಾಲ ತೀರೋಕೆ ಇಪ್ಪತ್ಮೂರು ವರ್ಷ, ನಾಲ್ಕು ತಿಂಗಳು."

"ಬಡ್ಡಿ ಸೇರಿಸಿದೀಯಾ ಅಪ್ಪಾ?"

"ಬಡ್ಡೀನ ಶರ್ಟಲ್ಲಿ ಬೇರೆ ಹಾಕಿದೀನಿ. ಅದನ್ನ ಈಗ ನೋಡ್ಬೇಡ, ಊಟ ಸೇರಲ್ಲ."

ಕಾಜಾ ಹೊಲಿಯುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು: "ಸ್ಕೂಲು ಬಿಟ್ಟ ತಕ್ಷಣ ಹೋಗಿ ಕೆರೆ ದಂಡೆ ಮೇಲೆ ಕೂತು ಏರೋಪ್ಲೇನ್ ಚಿಟ್ಟೆ ಎಣಿಸಿದವಳು ಅವಳು. ಅವಳಿಗೆ ಬೇರೆ ಏನು ಓದಿಸ್ತೀರಾ? ಬ್ಯಾಂಕಲ್ಲಿ ಕೇಳ್ಕೊಂಡು ಬನ್ನಿ. ಕೇಳೋದಕ್ಕೆ ಬಡ್ಡಿ ಹಾಕಲ್ಲ ಯಾರೂ."

ಸಾಲ ಸಿಕ್ಕರೆ ಕಾಲೇಜು, ಸಿಗದಿದ್ದರೆ ಡಿಪೋದ ಪಾಸು ಕೊಡುವ ಕಿಟಕಿ ಎಂದು ತೀರ್ಮಾನವಾಯಿತು. ಆ ಕಿಟಕಿಯಿಂದ ಡಿಪೋ ಹಿಂದಿನ ಕೆರೆ ಕಾಣುವುದಿಲ್ಲ. ಗೋಡೆ ಕಾಣುತ್ತದೆ.

ಬ್ಯಾಂಕಿನ ಶಿಕ್ಷಣ ಸಾಲದ ಅಧಿಕಾರಿ ಬಹಳ ಸಜ್ಜನರು. ಅವರ ಪ್ಯಾಂಟಿನ ಸೊಂಟವನ್ನು ಟೇಲರಣ್ಣ ಎರಡು ಸಲ ಬಿಚ್ಚಿ ಅಗಲ ಮಾಡಿಕೊಟ್ಟಿದ್ದ. ಅವರೂ ಮುಚ್ಚುಮರೆಯಿಲ್ಲದೆ ಮಾತಾಡಿದರು.

"ನಿನ್ನ ಹೆಸರಲ್ಲಿ ಹಳೇ ಸಾಲ ಏನಾದ್ರೂ ಇದೆಯೇನಮ್ಮ?"

"ಇಲ್ಲ ಸಾರ್."

"ಅದೇ ತೊಂದರೆ. ಸಾಲ ತೀರಿಸ್ತೀಯ ಅನ್ನೋದಕ್ಕೆ ಆಧಾರ ಬೇಕಲ್ಲ. ಮೊದಲು ಒಂದು ಸಾಲ ತೀರಿಸು, ಆಮೇಲೆ ಮೊದಲನೇ ಸಾಲ ಕೊಡೋಣ."

ಟೇಲರಣ್ಣನಿಗೆ ಇದು ನ್ಯಾಯವಾಗಿಯೇ ಕಂಡಿತು. ಆದರೆ ಅಧಿಕಾರಿಗಳು ಅರ್ಜಿಯನ್ನು ಹಾಗೇ ಬಿಸಾಡುವವರಲ್ಲ. ಅದರಲ್ಲಿ ಬರೆದ ಪ್ರತಿ ಹೆಸರನ್ನೂ ಕಂಪ್ಯೂಟರಿಗೆ ಹಾಕಿ ನೋಡಬೇಕೆಂಬ ನಿಯಮವಿತ್ತು. ಮಗಳ ಹೆಸರು ಹಾಕಿದರು, ಏನೂ ಬರಲಿಲ್ಲ. ಟೇಲರಣ್ಣನ ಹೆಸರು ಹಾಕಿದರು, ಬಂದದ್ದನ್ನು ಓದಿ ಹೇಳಲಿಲ್ಲ. ಕೊನೆಗೆ 'ಅಧ್ಯಯನದ ಸ್ಥಳ' ಎಂಬ ಕಡೆ ಮಗಳು ಬರೆದಿದ್ದ 'ಡಿಪೋ ಕೆರೆ' ಹಾಕಿದರು. ಹಾಕಿ, ಕುರ್ಚಿಯಲ್ಲಿ ನೆಟ್ಟಗೆ ಕೂತರು.

ನಡೆದದ್ದು ಇಷ್ಟೇ. ಮೂವತ್ತೊಂದು ವರ್ಷದ ಹಿಂದೆ ನಗರಸಭೆ ಆ ಕೆರೆಯ ಮೀನನ್ನು ಗುತ್ತಿಗೆಗೆ ಕೊಟ್ಟು, ಬಂದ ಹಣ ಇಡಲು ಒಂದು ಖಾತೆ ತೆರೆಸಿತ್ತು. ಆಗಿನ ಗುಮಾಸ್ತ ಖಾತೆದಾರರ ಹೆಸರು ಎಂಬಲ್ಲಿ 'ಡಿಪೋ ಕೆರೆ', ತಂದೆಯ ಹೆಸರು ಎಂಬಲ್ಲಿ 'ಹಳೇ ಕಾಲುವೆ', ಉದ್ಯೋಗ ಎಂಬಲ್ಲಿ 'ಮೀನು' ಎಂದು ತುಂಬಿ ಊಟಕ್ಕೆ ಹೋಗಿದ್ದ.

"ಮೂವತ್ತೊಂದು ವರ್ಷದ ಗಿರಾಕಿ," ಎಂದರು ಅಧಿಕಾರಿ, ದನಿ ತಗ್ಗಿಸಿ. "ಒಂದ್ಸಲ ಹೂಳೆತ್ತೋಕೆ ಸಾಲ ತಗೊಂಡಿದಾರೆ. ಎರಡು ತಿಂಗಳು ಮುಂಚೇನೇ ತೀರಿಸಿದಾರೆ. ಇವರು ನಿಮಗೆ ಪರಿಚಯವಾ?"

"ದಿನಾ ನೋಡ್ತೀನಿ ಸಾರ್," ಎಂದಳು ಮಗಳು.

"ಜಾಮೀನು ನಿಲ್ತಾರಾ?"

"ಅವರು ಬೇಡ ಅನ್ನೋದಿಲ್ಲ ಸಾರ್."

ಅಧಿಕಾರಿ ಕಂಪ್ಯೂಟರನ್ನು ಇನ್ನೊಮ್ಮೆ ಓದಿಕೊಂಡರು. "ಜಾಮೀನುದಾರರೇ ಇಷ್ಟು ಒಳ್ಳೆಯವರಿರುವಾಗ ನಡುವೆ ನೀನ್ಯಾಕಮ್ಮ? ನೇರವಾಗಿ ಅವರಿಗೇ ಕೊಟ್ಟುಬಿಡೋಣ."

ಮುಂದಿನ ವಾರ ಬ್ಯಾಂಕಿನ ಗೋಡೆಯ ಮೇಲೆ ಪ್ರಕಟಣೆ ಬಿತ್ತು: 'ಶ್ರೀ ಡಿಪೋ ಕೆರೆಯವರಿಗೆ ಪದವಿ ವ್ಯಾಸಂಗಕ್ಕಾಗಿ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಮಂಜೂರಾಗಿದ್ದು, ಸದರಿಯವರು ಭಾವಚಿತ್ರ ಹಾಗೂ ಹೆಬ್ಬೆಟ್ಟಿನ ಗುರುತಿನೊಂದಿಗೆ ಹಾಜರಾಗತಕ್ಕದ್ದು. ಹಾಜರಾಗಲು ದೈಹಿಕ ಅಡಚಣೆ ಇರುವವರ ಬಳಿಗೆ ಬ್ಯಾಂಕೇ ಬರತಕ್ಕದ್ದು.' ಬ್ಯಾಂಕು ಬಂತು. ಭಾವಚಿತ್ರದಲ್ಲಿ ಎರಡೂ ಕಿವಿ ಕಾಣಬೇಕೆಂಬ ನಿಯಮವನ್ನು ಎರಡೂ ದಂಡೆ ಕಂಡರೆ ಸಾಕೆಂದು ಸಡಿಲಿಸಲಾಯಿತು. ಹೆಬ್ಬೆಟ್ಟಿನ ಜಾಗಕ್ಕೆ ಕಾಗದದ ಮೂಲೆಯನ್ನು ನೀರಿಗೆ ಅದ್ದಿ ತೆಗೆದರು. ಒದ್ದೆ ಆರುವ ಮೊದಲು ಇಬ್ಬರು ಸಾಕ್ಷಿ ಹಾಕಬೇಕಾಗಿದ್ದರಿಂದ ಟೇಲರಣ್ಣ ಓಡಿ ಬಂದು ಸಹಿ ಮಾಡಿದ. ಎರಡನೆಯ ಸಾಕ್ಷಿ ಬಸ್ಸು ತೊಳೆಯುತ್ತಿದ್ದವನು.

ಕಾಲೇಜಿನ ಪ್ರಿನ್ಸಿಪಾಲರಿಗೆ ಒಂದೇ ಒಂದು ಆಕ್ಷೇಪವಿತ್ತು. "ಫೀಸು ಬಂದಿರೋದು ಕೆರೆ ಹೆಸರಲ್ಲಿ. ಸೀಟು ಇವಳ ಹೆಸರಲ್ಲಿ ಕೊಟ್ಟರೆ ಆಡಿಟ್‌ನವರು ನನ್ನನ್ನ ಬಿಡ್ತಾರಾ?"

"ಹಾಗಾದ್ರೆ ನಮ್ಮ ಹುಡುಗಿ ಗತಿ ಏನು ಸಾರ್?" ಎಂದ ಟೇಲರಣ್ಣ. ಏಳ್ನೂರು ಪ್ಯಾಂಟು ಕಣ್ಣ ಮುಂದೆಯೇ ತೂಗುತ್ತಿದ್ದವು.

ಪ್ರಿನ್ಸಿಪಾಲರು ನಿಯಮಾವಳಿ ತೆಗೆದರು. ಎದ್ದು ಓಡಾಡಲಾಗದ ವಿದ್ಯಾರ್ಥಿಗೆ ಒಬ್ಬ ಸಹಾಯಕ ಬರಹಗಾರರನ್ನು ಕೊಡಬಹುದೆಂದಿತ್ತು. ಕೆರೆ ಎದ್ದು ಓಡಾಡಿದ್ದನ್ನು ಕಂಡವರು ಯಾರೂ ಇರಲಿಲ್ಲ. ಮಗಳು ಬರಹಗಾರಳಾಗಿ ನೇಮಕವಾದಳು. ಮೂರು ವರ್ಷ ಮೇಷ್ಟ್ರು "ಡಿಪೋ ಕೆರೆ?" ಎಂದು ಕೂಗಿದಾಗಲೆಲ್ಲ ಎದ್ದು "ಹಾಜರ್ ಸಾರ್" ಎಂದಳು.

ಎರಡನೆಯ ವರ್ಷ ಸಣ್ಣ ಅಡಚಣೆಯೊಂದು ಬಂತು. ಕೆರೆಯನ್ನು ಮುಚ್ಚಿ ಅಲ್ಲಿ ಅಂಗಡಿ ಸಾಲು ಕಟ್ಟಲು ಒಬ್ಬ ಗುತ್ತಿಗೆದಾರ ಮಣ್ಣಿನ ಲಾರಿಗಳೊಂದಿಗೆ ಬಂದು ನಿಂತ. ನಗರಸಭೆಯವರು ಅವನಿಗೆ ಅದಾಗಲೇ ಕುರ್ಚಿ ಹಾಕಿ ಕಾಫಿ ಕೊಟ್ಟಿದ್ದರು. ಮಗಳು ಹಕ್ಕಿಗಳ ಪಟ್ಟಿ, ಕಪ್ಪೆಗಳ ಪಟ್ಟಿ ಹಿಡಿದು ಮೂರು ದಿನ ಅಲೆದಳು. ಪಟ್ಟಿಗಳನ್ನು ಎಲ್ಲರೂ ಮೆಚ್ಚಿ ಹಿಂದಕ್ಕೆ ಕೊಟ್ಟರು. ನಾಲ್ಕನೇ ದಿನ ಬ್ಯಾಂಕಿನ ಅಧಿಕಾರಿ ಒಂದೇ ಒಂದು ಪುಟದ ನೋಟಿಸು ಹಿಡಿದು ದಂಡೆಗೆ ಬಂದರು.

"ಸಾಲ ಬಾಕಿ ಇರೋವರೆಗೂ ಸಾಲಗಾರರನ್ನ ಮುಚ್ಚೋ ಹಾಗಿಲ್ಲ. ತೀರಿದ ಮೇಲೆ ನಿಮ್ಮಿಷ್ಟ."

ಲಾರಿಗಳು ತಿರುಗಿ ಹೋದವು. ಆವತ್ತು ರಾತ್ರಿಯ ಊಟಕ್ಕೆ ಕೂತಾಗ ಟೇಲರಣ್ಣ ಬಡ್ಡಿಯ ಬಗ್ಗೆ ಮೊದಲ ಬಾರಿಗೆ ಒಂದು ಒಳ್ಳೆಯ ಮಾತಾಡಿದ.

ಡಿಪೋ ಕೆರೆಯವರು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಸಿಹಿನೀರಿನ ಜೀವಿಗಳ ಪತ್ರಿಕೆಯಲ್ಲಿ ಮಾತ್ರ, ಪಠ್ಯಪುಸ್ತಕ ಬಿಟ್ಟು ಸ್ವಂತ ಅನುಭವದಿಂದ ಬರೆದಿದ್ದಾರೆಂದು ನಾಲ್ಕು ಅಂಕ ಕಳೆದಿದ್ದರು. ಪದವಿ ಪತ್ರವನ್ನು ಮಗಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ದಂಡೆಗೆ ಹೋಗಿ ತೋರಿಸಿ ಬಂದಳು.

ಟೇಲರಣ್ಣನಿಗೆ ತಡೆಯಲಾಗಲಿಲ್ಲ. "ಓದಿದ್ದು ನೀನು, ಹೆಸರು ಕೆರೇದು. ಬೇಜಾರಿಲ್ವೇನೇ?"

"ಸಾಲಾನೂ ಕೆರೇದೇ ಅಲ್ವಾ ಅಪ್ಪಾ," ಎಂದಳು ಮಗಳು.

ಟೇಲರಣ್ಣ ಸೂಜಿಗೆ ದಾರ ಪೋಣಿಸಿದ. ಒಂದೇ ಸಲಕ್ಕೆ ಹೋಯಿತು.

ಆರು ತಿಂಗಳಲ್ಲಿ ನಗರಸಭೆ 'ಜಲಮೂಲ ಪಾಲನಾಧಿಕಾರಿ' ಹುದ್ದೆಗೆ ಅರ್ಜಿ ಕರೆಯಿತು. ಸಂಬಳ ಹದಿಮೂರೂವರೆ ಸಾವಿರ. ಪರಿಸರ ವಿಜ್ಞಾನದ ಪದವಿ ಕಡ್ಡಾಯ. ಕೆಲಸದ ಸ್ಥಳದಲ್ಲೇ ವಾಸವಿರುವವರಿಗೆ ಆದ್ಯತೆ. ಮಗಳಿಗೆ ಪದವಿ ಇಲ್ಲದ್ದರಿಂದ ಅವಳ ಅರ್ಜಿ ಅಲ್ಲೇ ಬಿದ್ದುಹೋಯಿತು. ಡಿಪೋ ಕೆರೆಯವರಿಗೆ ಕೆಲಸವಾಯಿತು. ನಿವೃತ್ತಿಯ ವಯಸ್ಸನ್ನು ಖಾತೆ ತೆರೆದ ದಿನದಿಂದ ಎಣಿಸಿ, ಅರವತ್ತಕ್ಕೆ ಇನ್ನೂ ಇಪ್ಪತ್ತೈದು ವರ್ಷವಿದೆ, ಸಾಲ ತೀರಿಸಲು ಧಾರಾಳ ಸಾಕು ಎಂದು ಬ್ಯಾಂಕು ಒಪ್ಪಿಕೊಂಡಿತು. ಬರಹಗಾರಳನ್ನು ಮುಂದುವರಿಸಬೇಕೆಂದು ಅಧಿಕಾರಿ ಕೆರೆಯವರು ಲಿಖಿತ ಕೋರಿಕೆ ಸಲ್ಲಿಸಿದರು; ಅದು ಮಗಳ ಅಕ್ಷರದಲ್ಲೇ ಇದ್ದದ್ದರಿಂದ ಓದಲು ಸುಲಭವಾಗಿತ್ತು. ಸಂಬಳದಲ್ಲಿ ಇಪ್ಪತ್ತು ಪ್ಯಾಂಟು ಬರಹಗಾರಳಿಗೆ, ಎರಡೂವರೆ ಬ್ಯಾಂಕಿಗೆ. ಅವಳು ಬೆಳಗಾದರೆ ದಂಡೆಗೆ ಹೋಗಿ ನೀರಿನ ಮಟ್ಟ, ಹಕ್ಕಿ, ಹುಳ ಎಲ್ಲ ಬರೆದುಕೊಂಡು, ಸಂಜೆ ಸಾಹೇಬರ ಪರವಾಗಿ ಸಹಿ ಹಾಕಿ ಬರುತ್ತಾಳೆ.

ಮೊನ್ನೆ ಡಿಪೋದ ಕಂಡಕ್ಟರೊಬ್ಬರು ಅಳತೆ ಕೊಡಲು ನಿಂತಿದ್ದಾಗ ಕೇಳಿದರು: "ಮಗಳ ಕೆಲಸ ಹೇಗಿದೆ ಟೇಲರಣ್ಣ? ಸಾಹೇಬ್ರು ಹೆಂಗೆ?"

"ಶಾಂತ ಸ್ವಭಾವ. ಒಂದು ಮಾತಾಡಲ್ಲ," ಎಂದ ಟೇಲರಣ್ಣ. "ಮಳೆಗಾಲದಲ್ಲಿ ಸ್ವಲ್ಪ ಏರ್ತಾರೆ, ಅಷ್ಟೇ. ಕೈ ಎತ್ತಿ."

ಕಂಡಕ್ಟರು ಕೈ ಎತ್ತಿದರು. "ನಮ್ಮ ಹುಡುಗನೂ ಈ ವರ್ಷ ಹನ್ನೆರಡನೇ ಕ್ಲಾಸು. ಅವನಿಗೂ ಅಂಥದ್ದೊಂದು ಕೆರೆ ಇದ್ರೆ ಹೇಳಿ."

"ಕಲ್ಲು ಒಡೆಯೋ ಜಾಗದ ಹತ್ರ ಒಂದು ಹೊಂಡ ಇದೆ. ನೀರು ಪರವಾಗಿಲ್ಲ. ಆದ್ರೆ ಬ್ಯಾಂಕಲ್ಲಿ ಖಾತೆ ಇಲ್ಲ."

"ನಾಳೆ ರಜಾ ಇದೆ ನನಗೆ," ಎಂದರು ಕಂಡಕ್ಟರು. "ಹೋಗಿ ತೆರೆಸಿಬಿಡ್ತೀನಿ."