ಸುಲೇಪೇಟೆಯಿಂದ ಬಂದ ಹಿರಿಯರು

ದರ್ಜಿ ಗುಲಾಮ್ ರಸೂಲ್ ಯಾವ ಸುದ್ದಿಯನ್ನೂ ಪೂರ್ತಿ ಕೇಳಿಸಿಕೊಂಡವನಲ್ಲ. ಅರ್ಧ ಕೇಳಿ ಎದ್ದು ಓಡುವುದೇ ಅವನ ಜಾಯಮಾನ. ಅವತ್ತೂ ಹಾಗೆಯೇ, ಕೊರಳಲ್ಲಿ ಟೇಪು ಇದ್ದಂತೆಯೇ ಶಹಾಬಾದಿನ ಗಣಿ ರಸ್ತೆಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುತ್ತಿದ್ದ ಸಾಯಬಣ್ಣನ ಬಳಿ ಓಡಿಬಂದ.

"ಹಿಂದಿನ ಓಣಿ ಗುರುದೇವಿ ಮದಿವಿ ಮಾತಿಗಿ ಸುಲೇಪೇಟಿಂದ ಹಿರೇರೊಬ್ಬರು ಬಂದಾರಪಾ. ಈ ಕಡೀನೇ ಬರಾಕತ್ತಾರ."

ಸಾಯಬಣ್ಣನ ಉಳಿ ನಿಂತಿತು. ರಜಾಕಾರರ ಗದ್ದಲ ಮುಗಿದ ಮರುವರ್ಷ ಅವನು ಗುರುದೇವಿಯನ್ನು ಕೇಳಿಕಳಿಸಿದ್ದ. "ಮೈತುಂಬ ಕಲ್ಲಿನ ಧೂಳ ಮೆತ್ಕೊಂಡವನ್ನ ನಾ ಒಲ್ಲೆ" ಎಂದು ಹುಡುಗಿ ನಕ್ಕುಬಿಟ್ಟಿದ್ದಳು. ಮೂರು ವರ್ಷವಾಯಿತು. ಬೇರೆ ಹೆಣ್ಣು ಎಷ್ಟು ತೋರಿಸಿದರೂ ಇವನು ಒಪ್ಪಲಿಲ್ಲ. ಒಳಗಿನ ಪ್ರೀತಿಯೆಲ್ಲ ಹುಳಿತು ವಿಷವಾಗಿತ್ತು. ತನಗೆ ಸಿಗದವಳು ಯಾರಿಗೂ ಸಿಗಬಾರದು, ಅದೊಂದೇ ಹರಕೆ. ಆದರೂ ಅವಳ ಮನೆ ಮುಂದೆ ಹಾಯುವಾಗ ಹಾಳು ಕತ್ತು ತಾನಾಗಿ ಆ ಕಡೆ ಹೊರಳುತ್ತಿತ್ತು.

ಆ ಸೀಮೆಯಲ್ಲಿ ಹೆಣ್ಣು ಕೊಡುವ ಮುಂಚೆಯೂ ತರುವ ಮುಂಚೆಯೂ ಊರಿಗೆ ಗುರುತಿಲ್ಲದ ಹಿರಿಯರನ್ನು ವಿಚಾರಣೆಗೆ ಕಳಿಸುತ್ತಾರೆ. ಯಾರ ಕಡೆಯವರೆಂದು ಅವರು ಹೇಳುವುದಿಲ್ಲ, ನಾವು ಕೇಳುವಂತಿಲ್ಲ. ಹಿರಿಯರು ಬಂದು ಕೂತು ಮಳೆ, ತೊಗರಿ ಎಲ್ಲ ಮಾತಾಡಿ ಕಡೆಗೆ, "ಗುರುದೇವಿ ಬಗ್ಗೆ ನಿಮ್ಮ ಮನಸಿನ್ಯಾಗ ಏನದ?" ಎಂದರು.

"ಮಾರಿ ಚಂದ್ರ ಅದರೀ, ನಾಲಿಗಿ ಚಾಕು. ಅವರವ್ವ ಒಲಿ ಮುಂದ ಬೇಯ್ತಾಳ, ಈಕಿ ಕನ್ನಡಿ ಮುಂದ ಕುಂದರ್ತಾಳ. ರೊಟ್ಟಿ ಬಡದ್ರ ನಮ್ಮ ಫರಸಿ ಕಲ್ಲಿಗಿ ಜೋಡಿ," ಎಂದ ಸಾಯಬಣ್ಣ, ಇವರು ಗಂಡಿನ ಕಡೆಯವರೇ ಎಂದುಕೊಂಡು.

ಗುಲಾಮ್ ರಸೂಲನಿಗೆ ಕಸಿವಿಸಿಯಾಯಿತು. "ಅಷ್ಟ್ಯಾಕೋ, ಪಾಪದ ಹುಡುಗಿ."

"ನಿನ್ನ ಕತ್ತರಿ ನೀ ನೋಡ್ಕೋ."

"ಸಿಟ್ಟಿನ ಮಾತಿರಬೇಕು. ಇನ್ನೊಮ್ಮಿ ವಿಚಾರ ಮಾಡಿ ಹೇಳ್ರಿ," ಎಂದರು ಹಿರಿಯರು ಮೆಲ್ಲಗೆ.

ಇವರು ನಂಬದೆ ಹೋದರೆ ಸಂಬಂಧ ಕುದುರಿಯೇಬಿಡುತ್ತದೆ ಎಂದು ಸಾಯಬಣ್ಣನಿಗೆ ದಿಗಿಲಾಯಿತು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನೇ ಮುಷ್ಟಿಯಲ್ಲಿ ಹಿಡಿದ.

"ಲಿಂಗದಾಣಿ ಮಾಡಿ ಹೇಳ್ತೀನ್ರಿ, ಆಕಿ ತಾನಾಗಿ ನನ್ನ ಹೊಸ್ತಿಲಿಗಿ ಬಂದು ನಿಂತ್ರೂ ಒಳಗ ಕರ್ಕೊಳ್ಳಾಂವಲ್ಲ. ನಾ ಒಲ್ಲದ್ದನ್ನ ನೀವ್ಯಾಕ ತಗೋತೀರಿ?"

ಹಿರಿಯರು ರುಮಾಲು ಸರಿಮಾಡಿಕೊಂಡು ಎದ್ದರು.

"ನಾ ಆಕಿ ಸೋದರಮಾವ ಇದೀನಪ್ಪ. 'ಮೂರ ವರ್ಷ ನನ್ನ ಸಲುವಾಗಿ ಮದಿವಿ ಒಲ್ಲದೆ ಕುಂತಾನ, ಲಗ್ನ ಆದ್ರ ಅವನ್ನೇ ಆಗ್ತೀನಿ, ಅವನ ಮನಸ ತಿಳ್ಕೊಂಡು ಬಾ ಮಾಮಾ' ಅಂತ ಕಳಿಸಿದ್ಳು."

ಹಿರಿಯರು ಹೊರಟೇಬಿಟ್ಟರು. ಸಾಯಬಣ್ಣ ರಸ್ತೆ ತಿರುವಿನವರೆಗೂ ಹಿಂದೆಯೇ ಓಡಿ ಅವರ ಕಾಲು ಹಿಡಿದ.

"ನಾ ಅಂದಿದ್ದೆಲ್ಲ ಸುಳ್ಳರೀ ಮಾಮಾ."

"ಸುಳ್ಳಂತ ನನಗೂ ಗೊತ್ತದ. ಆಕೀನ ಎತ್ತಿ ಆಡ್ಸಿದಾಂವ ನಾನು." ಹಿರಿಯರು ಮೆಲ್ಲಗೆ ಕಾಲು ಬಿಡಿಸಿಕೊಂಡರು. "ಆಣಿ ಖರೆ ಅಂದ್ರ ನೀ ಆಕೀನ ಒಲ್ಲಿ. ಸುಳ್ಳಂದ್ರ, ಲಿಂಗ ಹಿಡದು ಸುಳ್ಳು ಹೇಳಾಂವಗ ನಾವು ಹೆಣ್ಣ ಕೊಡಂಗಿಲ್ಲ."