ಸಾಂತಾಕ್ಲಾಸಿಗೆ ಹತ್ತು ಮಾರ್ಕು ಕಟ್

ಕೈಗೆ ಪೆನ್ನು ಕೊಟ್ಟು "ಮಾರ್ಕು ಹಾಕಿ" ಎಂದರೆ ಎಂಥ ಸಾಧು ಮನುಷ್ಯನೂ ಕೆಡುತ್ತಾನೆ. ನಾನಂತೂ ಕೆಟ್ಟೆ. ಕಳೆದ ಕ್ರಿಸ್ಮಸ್ಸಿನ ಮರುದಿನ ನಮ್ಮ ಚರ್ಚಿನ ವಾರ್ಡಿನಲ್ಲಿ ಗೋದಲಿ ಸ್ಪರ್ಧೆ ಇಟ್ಟಿದ್ದರು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಹುಲ್ಲು, ಬೊಂಬೆ ಇಟ್ಟು ಮನೆಮನೆಯಲ್ಲಿ ಕಟ್ಟುತ್ತೇವಲ್ಲ, ಅದೇ ಗೋದಲಿ. ತೀರ್ಪುಗಾರನಾಗಲು ಬೇರೆ ಯಾರೂ ಒಪ್ಪದ್ದರಿಂದ ನಿವೃತ್ತ ಮಾಸ್ತರನಾದ ನಾನು ಸಿಕ್ಕಿಬಿದ್ದೆ. ಒಪ್ಪಿದ ಕೂಡಲೇ ಒಂದು ನಿಯಮ ಮಾಡಿದೆ: ಗೋದಲಿಯೊಳಗೆ ಸಾಂತಾಕ್ಲಾಸ್ ಕಂಡರೆ ಹತ್ತು ಮಾರ್ಕು ಕಟ್.

ನನ್ನ ಸಿಟ್ಟಿಗೆ ಕಾರಣ ಉಂಟು. ಕೊಡಿಯಾಲ್‌ಬೈಲಿನ ಬಟ್ಟೆಯಂಗಡಿಯೊಂದರ ಬಾಗಿಲಲ್ಲಿ ಬ್ಯಾಟರಿಯ ಸಾಂತಾ ಸೊಂಟ ಕುಣಿಸುತ್ತ ಡಿಸ್ಕೌಂಟ್ ಸಾರುತ್ತಿದ್ದ. ಹಬ್ಬ ಯಾರದ್ದೆಂಬ ಸುದ್ದಿಯೇ ಅಲ್ಲಿಲ್ಲ. ಬೆವರು ಒರೆಸಿಕೊಳ್ಳುತ್ತ ಹತ್ತಿಯ ಹಿಮ ಅಂಟಿಸುವ ಊರು ನಮ್ಮದು. ಇದನ್ನೆಲ್ಲ ನಾನಲ್ಲದೆ ಇನ್ಯಾರು ತಿದ್ದಬೇಕು? "ಊರು ತಿದ್ದುವುದು ಮತ್ತೆ, ಅಂಗಿಯ ಗುಂಡಿ ಸರಿ ಹಾಕಿಕೊಳ್ಳಿ" ಎಂದಳು ಹೆಂಡತಿ ಲೀನಾ.

ನಾಲ್ಕು ಮನೆಗಳಲ್ಲಿ ಹತ್ತತ್ತು ಮಾರ್ಕು ಕತ್ತರಿಸಿ, ಅವರು ಕೊಟ್ಟ ಹಬ್ಬದ ತಿಂಡಿಯನ್ನು ಮಾತ್ರ ಒಂದು ಚೂರೂ ಬಿಡದೆ ತಿಂದು, ಕಂಕನಾಡಿಯ ಫಿಲೊಮಿನಾ ಬಾಯಿಯ ಮನೆಗೆ ಬಂದೆ. ಹಿರಿಯ ಹೆಂಗಸರನ್ನು ನಾವು 'ಬಾಯಿ' ಎನ್ನುವುದು; ಇವರು ಎಂಬತ್ತು ದಾಟಿದವರು, ನರ್ಸ್ ಮಗಳ ಜೊತೆ ಇದ್ದಾರೆ. ಬೈಹುಲ್ಲಿನ ಮಾಡು, ತೆಂಗಿನ ಗೆರಟೆಯಲ್ಲಿ ಮೊಳಕೆ ಬರಿಸಿದ ಭತ್ತ, ನಡುವೆ ಬಾಲಯೇಸು, ಮಾತೆ ಮೇರಿ. ಮೇರಿಯ ಪಕ್ಕ, ಯೇಸುವಿನ ಸಾಕುತಂದೆ ಸಂತ ಜೋಸೆಫರು ನಿಲ್ಲಬೇಕಾದಲ್ಲಿ, ದುಂಡು ಹೊಟ್ಟೆಯ ಸಾಂತಾಕ್ಲಾಸ್! ಕೆಂಪು ಟೋಪಿಯ ಮೇಲೆ ಕಂದು ಬಟ್ಟೆಯ ಚೂರೊಂದನ್ನು ಹೊದಿಸಿದ್ದರು.

"ಇವನು ಎಂತ ಬಾಯಿ ಇಲ್ಲಿ?" ಎಂದೆ, ಪೆನ್ನು ತೆಗೆಯುತ್ತ.

"ಇವನು ಅನ್ನಬೇಡ ಪುತಾ, ಅದು ಜೋಸೆಫ್." ನಿವೃತ್ತನಾದರೂ ಅವರಿಗೆ ನಾನು ಪುತಾ, ಅಂದರೆ ಮಗ.

"ಜೋಸೆಫರಿಗೆ ಈ ಹೊಟ್ಟೆ ಎಲ್ಲಿತ್ತು?"

"ನಮ್ಮ ಜೋಸೆಫನ್ನು ಬೆಕ್ಕು ಬೀಳಿಸಿ ಪುಡಿ ಮಾಡಿತು. ಅಂಗಡಿಯಲ್ಲಿ ಒಬ್ಬರನ್ನೇ ಕೊಡುವುದಿಲ್ಲವಂತೆ, ಇಡೀ ಸೆಟ್ ತಗೊಳ್ಳಬೇಕಂತೆ. ಇದು ಮಗಳಿಗೆ ಯಾರೋ ಗಿಫ್ಟ್ ಕೊಟ್ಟದ್ದು. ಗಡ್ಡ ಉಂಟಲ್ಲ, ಸಾಕು."

ವ್ಯಾಪಾರ ಬೇರೆ, ಭಕ್ತಿ ಬೇರೆ ಎಂದು ನಾನು ಪಾಠ ಶುರು ಮಾಡಿದೆ. ಬಾಯಿ ತಾಳ್ಮೆಯಿಂದ ಕೇಳಿ, ಮೆಲ್ಲಗೆ ಹೇಳಿದರು: "ನಮ್ಮವರು ಮಸ್ಕತ್ತಿನಲ್ಲಿದ್ದರು. ನನ್ನ ಮಗಳು ಹನ್ನೊಂದು ಕ್ರಿಸ್ಮಸ್ ಅಪ್ಪ ಇಲ್ಲದೆ ಮಾಡಿದ್ದಾಳೆ. 'ಪಪ್ಪ ಎಲ್ಲಿ' ಅಂತ ಕೇಳುವಾಗ ಎಂತ ಹೇಳುವುದು? ಈ ಮಗುವಿನ ಹತ್ತಿರವೂ ಅಪ್ಪನ ಜಾಗ ಖಾಲಿ ಇದ್ದರೆ ನನಗೆ ನೋಡಲಿಕ್ಕೆ ಆಗುವುದಿಲ್ಲ, ಪುತಾ."

ಪಾಠ ಬಿಟ್ಟು ಮಾರ್ಕಿನ ಹಾಳೆ ಬಿಡಿಸಿದೆ. ನೂರಕ್ಕೆ ನೂರು ಹಾಕಿದೆ. ಸೀದಾ ಮನೆಗೆ ಹೋಗಿ, ಲೀನಾ ಅಡುಗೆಮನೆಯಲ್ಲಿದ್ದಾಗ ನಮ್ಮ ಜೋಸೆಫರನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಫಿಲೊಮಿನಾ ಬಾಯಿಗೆ ಕೊಟ್ಟೆ. ಅವರು ಜೋಸೆಫರನ್ನು ಮೇರಿಯ ಪಕ್ಕ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸೆರಗಿನಿಂದ ಕಣ್ಣೊತ್ತಿಕೊಂಡರು. ಆಮೇಲೆ "ಬರಿಗೈಯಲ್ಲಿ ಹೋಗಬಾರದು" ಎಂದು ಸಾಂತಾನನ್ನು ನನ್ನ ಕೈಗಿಟ್ಟರು.

ಮನೆಗೆ ಬಂದಾಗ ನನ್ನ ಕಳ್ಳತನ ಸಿಕ್ಕಿಬಿದ್ದಿತ್ತು. "ಜಾಗ ಖಾಲಿ ಬಿಡಲಿಕ್ಕಾಗುತ್ತದಾ?" ಎಂದು ಲೀನಾ ಸಾಂತಾನನ್ನೇ ನಮ್ಮ ಗೋದಲಿಯಲ್ಲಿ ನಿಲ್ಲಿಸಿದಳು. ಮರುದಿನ ಸಂಜೆ ತೀರ್ಪುಗಾರರ ಗೋದಲಿ ನೋಡಲೆಂದು ಫಾದರ್ ಬಂದರು, ಮಾರ್ಕು ಕಳೆದುಕೊಂಡ ನಾಲ್ಕೂ ಮನೆಯವರನ್ನು ಜೊತೆಗೆ ಕರೆದುಕೊಂಡು. ಫಾದರ್ ಬಗ್ಗಿ ನೋಡಿದರು. ಎದ್ದು ನನ್ನನ್ನು ನೋಡಿದರು.

"ಮಾಸ್ಟ್ರೇ, ಇವರು ಯಾರು?"

ನಿಜ ಹೇಳಿದರೆ ಬಾಯಿಯ ನೂರು ಮಾರ್ಕಿನ ಕಥೆಯೂ ಹೊರಬೀಳುತ್ತದೆ. "ಜೋಸೆಫರೇ ಫಾದರ್," ಎಂದೆ. "ಈ ಮಗುವನ್ನು ಉಳಿಸಲಿಕ್ಕೆ ಈಜಿಪ್ಟಿಗೆ ನಡೆದುಕೊಂಡು ಹೋದ ಮೇಲೆ ಅಲ್ಲವಾ ಅವರು ತೆಳ್ಳಗಾದದ್ದು?"